ಉಸಿರುನಾಳಕ್ಕೆ ಹೋದ ಶೇಂಗಾ ಬೀಜ: ಕೆಮ್ಮು ನಿಂತ ಮೇಲೆ ಏನೇನಾಯಿತು

ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಿತ್ತ ಮೇಲೆ ಕೆಲವು ವಾರ ಪ್ರತಿ ಮನೆಯ ಪಡಸಾಲೆಯಲ್ಲೂ ಬೀಜ ಬಿದ್ದಿರುತ್ತದೆ. ದೊಡ್ಡವರು ಕಾಯಿ ಸುಲಿಯುತ್ತಿರುತ್ತಾರೆ, ಆಗಷ್ಟೇ ನಡೆಯಲು ಕಲಿತ ಮಕ್ಕಳು ಪಕ್ಕದಲ್ಲೇ ಆಡಿಕೊಂಡಿರುತ್ತವೆ. ನನ್ನ ತಂಗಿಯ ಮಗಳಿಗೆ ಒಂದೂವರೆ ವರ್ಷ. ಬಾಯಲ್ಲಿ ಬೀಜ ಇಟ್ಟುಕೊಂಡೇ ಓಡಿದವಳು ಒಮ್ಮೆಲೇ ಕೆಮ್ಮತೊಡಗಿದಳು. ಮುಖ ಕೆಂಪೇರಿತು, ಕಣ್ಣಲ್ಲಿ ನೀರು ಬಂತು. ನೆತ್ತಿಗೆ ಹತ್ತಿದೆ ಎಂದು ಅಜ್ಜಿ ನೆತ್ತಿ ತಟ್ಟಿದರು, ಪಕ್ಕದ ಮನೆಯವರು ನೀರು ಕುಡಿಸಿದರು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತು ಮಗು ಆಟಕ್ಕಿಳಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಬೀಜ ಆಗ ಅವಳ ಬಲ ಶ್ವಾಸಕೋಶಕ್ಕೆ ಹೋಗುವ ಉಸಿರುನಾಳದ ಕವಲಿನಲ್ಲಿ ಕೂತಿತ್ತು. ಅದನ್ನು ಪತ್ತೆ ಹಚ್ಚಿ ತೆಗೆಸುವವರೆಗೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಹೋಗಬೇಕಾದ ಮನೆಯವರಿಗೆ ಎಲ್ಲಿ ಹೊತ್ತು ಹಾಳಾಗುತ್ತದೆ, ಎಲ್ಲಿ ಹಾಳಾಗಬಾರದು ಎಂದು ಮೊದಲೇ ತಿಳಿದಿರಲಿ.

ಕೆಮ್ಮು ನಿಂತದ್ದಕ್ಕೆ ಕಾರಣ ಇದೆ. ಗಂಟಲಿನ ಧ್ವನಿಪೆಟ್ಟಿಗೆಯ ಹತ್ತಿರ ಏನು ತಾಗಿದರೂ ದೇಹ ಕೆಮ್ಮಿ ಹೊರದಬ್ಬಲು ನೋಡುತ್ತದೆ. ವಸ್ತು ಅಲ್ಲಿಂದ ಜಾರಿ ಕೆಳಗಿನ ಕವಲಿಗೆ ಹೋಗಿ ನೆಲೆ ನಿಂತರೆ ಆ ಜಾಗದ ನರಗಳು ಬೇಗ ಒಗ್ಗಿಹೋಗುತ್ತವೆ, ಕೆಮ್ಮು ತಣ್ಣಗಾಗುತ್ತದೆ. ಈ ಸುಮ್ಮನಿರುವ ಅವಧಿ ಕೆಲವು ಗಂಟೆ ಇರಬಹುದು, ಕೆಲವು ವಾರವೂ ಇರಬಹುದು. ಆಮೇಲೆ ಬರುವುದು ಜ್ವರ, ಕಫ, ನ್ಯುಮೋನಿಯಾ. ಹೀಗಾಗುವುದು ಹೆಚ್ಚಾಗಿ ಒಂದರಿಂದ ಮೂರು ವರ್ಷದ ಮಕ್ಕಳಿಗೆ. ಮುಂದಿನ ಹಲ್ಲಿನಿಂದ ಕಚ್ಚುತ್ತವೆ, ಆದರೆ ಅರೆಯುವ ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ. ಬೀಜ ಎರಡು ಹೋಳಾಗಿ ಬಾಯಲ್ಲಿ ಉಳಿಯುತ್ತದೆ. ಅಷ್ಟರಲ್ಲಿ ಮಗು ನಕ್ಕರೆ, ಅತ್ತರೆ, ಬಿದ್ದರೆ ಒಂದು ದೀರ್ಘ ಉಸಿರಿನ ಜೊತೆ ಹೋಳು ಒಳಗೆ ಸೇರುತ್ತದೆ.

ಮುಂದಕ್ಕೆ ಹೋಗುವ ಮೊದಲು ಆ ಕ್ಷಣದಲ್ಲಿ ಏನು ಮಾಡಬೇಕು ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಸಿಗುವುದು ಕೆಲವೇ ನಿಮಿಷ. ಮಗುವಿಗೆ ಅಳಲು, ಸದ್ದು ಮಾಡಿ ಕೆಮ್ಮಲು ಆಗುತ್ತಿದೆಯೇ ಎಂದು ಮೊದಲು ನೋಡಿ. ಆಗುತ್ತಿದ್ದರೆ ಗಾಳಿ ಹೋಗಿಬರುತ್ತಿದೆ ಎಂದರ್ಥ. ಕೂರಿಸಿಕೊಂಡು ಕೆಮ್ಮಲು ಬಿಡಿ. ಬೆನ್ನಿಗೆ ಗುದ್ದಬೇಡಿ, ಕಾಲು ಹಿಡಿದು ತಲೆಕೆಳಗೆ ಮಾಡಬೇಡಿ. ಕವಲಿನಲ್ಲಿ ಒಂದು ಬದಿಗೆ ಕೂತ ಬೀಜ ಮೇಲೆದ್ದು ಮುಖ್ಯ ನಾಳಕ್ಕೇ ಅಡ್ಡ ಬಂದರೆ ಇರುವ ಗಾಳಿಯೂ ನಿಲ್ಲುತ್ತದೆ. ನೀರು, ಬಾಳೆಹಣ್ಣು, ಅನ್ನದ ಉಂಡೆ ಯಾವುದೂ ಬೇಡ. ಅವು ಹೋಗುವುದು ಅನ್ನನಾಳಕ್ಕೆ, ಬೀಜ ಇರುವುದು ಗಾಳಿಯ ನಾಳದಲ್ಲಿ.

ಸದ್ದೇ ಇಲ್ಲ, ಬಾಯಿ ತೆರೆದಿದೆ, ತುಟಿ ನೀಲಿಯಾಗುತ್ತಿದೆ ಎಂದರೆ ನಾಳ ಪೂರ್ತಿ ಮುಚ್ಚಿದೆ. ಒಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ, ಇನ್ನೊಬ್ಬರು ತಕ್ಷಣ ಶುರು ಮಾಡಿ. ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲಾಗಿ, ತಲೆ ದೇಹಕ್ಕಿಂತ ತಗ್ಗಿರುವಂತೆ ಮಲಗಿಸಿ, ದವಡೆಗೆ ಕೈ ಆಸರೆ ಕೊಟ್ಟು, ಎರಡು ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಪೆಟ್ಟು ಕೊಡಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಮೂಳೆಯ ಕೆಳ ಅರ್ಧಭಾಗದ ಮೇಲೆ ಒಂದು ಅಂಗೈಯ ಬುಡದಿಂದ 5 ಸಲ ಒತ್ತಿ. ಕೂಸಿನ ಹೊಟ್ಟೆ ಒತ್ತಬಾರದು, ಪಿತ್ತಜನಕಾಂಗಕ್ಕೆ ಪೆಟ್ಟಾಗುತ್ತದೆ. ವರ್ಷ ದಾಟಿದ ಮಕ್ಕಳಿಗೂ ದೊಡ್ಡವರಿಗೂ ಮೊದಲು ಮುಂದಕ್ಕೆ ಬಾಗಿಸಿ ಬೆನ್ನಿಗೆ 5 ಪೆಟ್ಟು. ಆಮೇಲೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗೆ ಸ್ವಲ್ಪ ಮೇಲೆ, ಎದೆಮೂಳೆಯ ತುದಿಗಿಂತ ಕೆಳಗೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ ಒತ್ತಬೇಕು. ಮಗುವಾದರೆ ಮಂಡಿಯೂರಿ ಅದರ ಎತ್ತರಕ್ಕೆ ಇಳಿದು ಮಾಡಿ. ಬಸುರಿಯರಿಗೆ, ತೋಳಿಗೆ ಸಿಗದಷ್ಟು ದಪ್ಪ ಇರುವವರಿಗೆ ಹೊಟ್ಟೆಯ ಬದಲು ಎದೆಯ ಮಧ್ಯೆ ಒತ್ತಬೇಕು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹಿಂದೆ ಹೊಟ್ಟೆ ಒತ್ತುವುದನ್ನಷ್ಟೇ ಕಲಿಸುತ್ತಿತ್ತು. 2025ರ ಮಾರ್ಗಸೂಚಿಯಲ್ಲಿ ಬೆನ್ನಿನ ಪೆಟ್ಟು ಮೊದಲು ಬಂದಿದೆ, ಹಾಗಾಗಿ ಹಳೆಯ ತರಬೇತಿ ಪಡೆದವರೂ ಇದನ್ನು ಗಮನಿಸಿ.

ವಸ್ತು ಹೊರಬರುವವರೆಗೆ ಐದು ಐದರಂತೆ ಮಾಡುತ್ತಿರಿ. ನಡುವೆ ಎಚ್ಚರ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ ಸಿಪಿಆರ್: 30 ಸಲ ಎದೆ ಒತ್ತಿ 2 ಉಸಿರು. ಪ್ರತಿಸಲ ಉಸಿರು ಕೊಡುವ ಮೊದಲು ಬಾಯಿ ತೆರೆದು ನೋಡಿ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಿರಿ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ಹೊಟ್ಟೆ ಒತ್ತಿಸಿಕೊಂಡವರು ಆಮೇಲೆ ಚೆನ್ನಾಗಿದ್ದೇವೆ ಎನ್ನಿಸಿದರೂ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು, ಒಳಗೆ ಪೆಟ್ಟಾಗಿರಬಹುದು.

ನಮ್ಮ ಮಗುವಿನ ವಿಷಯಕ್ಕೆ ಬರೋಣ. ಎರಡನೆಯ ದಿನ ರಾತ್ರಿ ಉಸಿರಿನ ಜೊತೆ ಸಣ್ಣ ಸೀಟಿಯಂಥ ಸದ್ದು ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಶೀತ, ಗೂರಲು ಎಂದು ನೆಬ್ಯುಲೈಸೇಷನ್ ಕೊಟ್ಟರು, ಸಿರಪ್ ಬರೆದರು. ಆವಿ ಹಿಡಿದಾಗ ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನಂತರ ಜ್ವರ ಬಂತು, ಆ್ಯಂಟಿಬಯೋಟಿಕ್ ಶುರುವಾಯಿತು. ಔಷಧಿಯಿಂದ ಜ್ವರ ಇಳಿದದ್ದೇ ಮತ್ತೆ ದಾರಿ ತಪ್ಪಿಸಿತು. ಬೀಜದ ಸುತ್ತಲಿನ ಸೋಂಕು ತಗ್ಗಿತ್ತು, ಬೀಜ ಅಲ್ಲೇ ಇತ್ತು.

ಕೊನೆಗೆ ಚಿತ್ರದುರ್ಗದಲ್ಲಿ ತೋರಿಸಿದ ಮಕ್ಕಳ ವೈದ್ಯರು ಸ್ಟೆತಸ್ಕೋಪನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದೇ ಎತ್ತರದಲ್ಲಿ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಂಗಿಯನ್ನು ಕೇಳಿದರು: “ಅಮ್ಮಾ, ಏನಾದ್ರೂ ತಿನ್ನುವಾಗ ಒಮ್ಮೆಲೇ ಕೆಮ್ಮು ಬಂದಿತ್ತಾ?”

“ಹೌದು ಸಾರ್, ಶೇಂಗಾ ತಿಂತಿದ್ಲು. ಆಮೇಲೆ ಸರಿಹೋಯ್ತು.”

“ಇದನ್ನ ಯಾರಿಗಾದ್ರೂ ಹೇಳಿದ್ರಾ?”

“ಯಾರೂ ಕೇಳ್ಲಿಲ್ಲ ಸಾರ್.”

ಅವರು ಚೀಟಿಯ ಮೇಲ್ಭಾಗದಲ್ಲೇ ಕೆಂಪು ಶಾಯಿಯಲ್ಲಿ ಆ ಮಾತನ್ನು ಬರೆದು ಕೆಳಗೆ ಗೆರೆ ಎಳೆದರು. ಮುಂದೆ ಹೋದ ಕಡೆಯೆಲ್ಲ ಮೊದಲು ಓದಿದ್ದು ಆ ಸಾಲನ್ನೇ. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದು. ಮಗು ತಿನ್ನುವಾಗ ಅಥವಾ ಬಾಯಲ್ಲಿ ಏನನ್ನೋ ಇಟ್ಟುಕೊಂಡು ಆಡುವಾಗ ಒಮ್ಮೆಲೇ ಕೆಮ್ಮಿದ್ದಿದ್ದರೆ, ಎಷ್ಟು ದಿನ ಹಿಂದಿನದಾದರೂ, ವೈದ್ಯರು ಕೇಳದಿದ್ದರೂ ಹೇಳಿ. ಯಾವ ವಸ್ತು, ಯಾವ ದಿನ, ಎಷ್ಟು ಹೊತ್ತು ಕೆಮ್ಮಿತು, ತುಟಿ ನೀಲಿಯಾಗಿತ್ತೇ ಎಂದು ಚೀಟಿಯಲ್ಲಿ ಬರೆಸಿ. ಅದೇ ಬಗೆಯ ಬೀಜ, ಮಣಿ ಮನೆಯಲ್ಲಿ ಇನ್ನೊಂದಿದ್ದರೆ ಪೊಟ್ಟಣ ಕಟ್ಟಿ ಒಯ್ಯಿರಿ. ಯಾವ ಇಕ್ಕಳ ಬೇಕು ಎಂದು ತೀರ್ಮಾನಿಸಲು ವೈದ್ಯರಿಗೆ ಅದು ನಿಜವಾಗಿ ನೆರವಾಗುತ್ತದೆ.

ಎಕ್ಸ್‌ರೇ ಬಂದಾಗ ಮನೆಯವರೆಲ್ಲ ಮತ್ತೊಮ್ಮೆ ಗೊಂದಲಕ್ಕೆ ಬಿದ್ದರು. ಫಿಲ್ಮಿನಲ್ಲಿ ಬೀಜ ಇಲ್ಲವೇ ಇಲ್ಲ! ಶೇಂಗಾ, ಅಡಿಕೆ ಚೂರು, ಹುಣಸೆಬೀಜ, ಸೀತಾಫಲದ ಬೀಜ, ಪ್ಲಾಸ್ಟಿಕ್ ಪೆನ್ ಮುಚ್ಚಳ ಇವು ಯಾವುವೂ ಸಾಧಾರಣವಾಗಿ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಪಿನ್ನು, ಮೊಳೆ, ಆಟಿಕೆಯ ಎಲ್‌ಇಡಿ ಬಲ್ಬಿನ ತಂತಿಯಂಥ ಲೋಹವಾದರೆ ಬಿಳಿಯಾಗಿ ಕಾಣುತ್ತದೆ. ಹಾಗಾಗಿ ವೈದ್ಯರು ಹುಡುಕುವುದು ಬೀಜದ ಪರಿಣಾಮವನ್ನು. ಉಸಿರು ಎಳೆದಾಗ ನಾಳ ತುಸು ಅಗಲವಾಗುತ್ತದೆ, ಬೀಜದ ಪಕ್ಕದಿಂದ ಗಾಳಿ ಒಳಗೆ ನುಗ್ಗುತ್ತದೆ. ಬಿಟ್ಟಾಗ ನಾಳ ಕಿರಿದಾಗಿ ಬೀಜವನ್ನು ಬಿಗಿಯಾಗಿ ಹಿಡಿಯುತ್ತದೆ. ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ, ಹೋದ ಗಾಳಿ ಮರಳುವುದಿಲ್ಲ. ಆ ಬದಿಯ ಶ್ವಾಸಕೋಶ ಉಬ್ಬಿ ಹೆಚ್ಚು ಕಪ್ಪಾಗಿ ಕಾಣುತ್ತದೆ, ಹೃದಯ ಇನ್ನೊಂದು ಬದಿಗೆ ಸರಿಯುತ್ತದೆ. ನಾಳ ಪೂರ್ತಿ ಮುಚ್ಚಿ ದಿನ ಕಳೆದರೆ ಇದಕ್ಕೆ ವಿರುದ್ಧವಾಗುತ್ತದೆ: ಗಾಳಿ ಹೀರಿಹೋಗಿ ಆ ಭಾಗ ಕುಗ್ಗಿ ಬೆಳ್ಳಗಾಗುತ್ತದೆ.

ಈ ಉಬ್ಬು ಉಸಿರು ಬಿಟ್ಟಾಗ ತೆಗೆದ ಚಿತ್ರದಲ್ಲೇ ಸ್ಪಷ್ಟ. ಒಂದೂವರೆ ವರ್ಷದ ಮಗುವಿಗೆ ಉಸಿರು ಬಿಡು ಎಂದು ಹೇಳಿ ಮಾಡಿಸಲಾಗದು. ಅದಕ್ಕೇ ಒಂದೊಂದು ಮಗ್ಗುಲಿಗೆ ಮಲಗಿಸಿ ಚಿತ್ರ ತೆಗೆಯುತ್ತಾರೆ. ಕೆಳಗಾದ ಶ್ವಾಸಕೋಶ ಸಹಜವಾಗಿ ಕುಗ್ಗಬೇಕು, ಕುಗ್ಗದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ನಮ್ಮಲ್ಲಿ ಸುಳಿವು ಸಿಕ್ಕಿದ್ದು ಹೀಗೆ. ಕೆಲವೆಡೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಅದು ಒಳ್ಳೆಯದೇ, ಆದರೆ ಉಸಿರಾಟ ಕಷ್ಟವಾಗಿರುವ ಮಗುವನ್ನು ಸ್ಕ್ಯಾನಿಗಾಗಿ ಸಾಲಲ್ಲಿ ಕಾಯಿಸಬಾರದು. ಎಕ್ಸ್‌ರೇ ನಾರ್ಮಲ್ ಎಂದು ಯಾರಾದರೂ ಮನೆಗೆ ಕಳಿಸಿದರೆ, ಒಮ್ಮೆಲೇ ಕೆಮ್ಮಿದ ಇತಿಹಾಸ ಇದೆಯೆಂದು ಮತ್ತೊಮ್ಮೆ ಹೇಳಿ, ಇಎನ್‌ಟಿ (ಕಿವಿ, ಮೂಗು, ಗಂಟಲು) ವೈದ್ಯರ ಅಭಿಪ್ರಾಯ ಕೇಳಿ. ಗಟ್ಟಿ ಇತಿಹಾಸ ಇದ್ದರೆ ಎಕ್ಸ್‌ರೇ ಏನೇ ಹೇಳಲಿ, ನಾಳದೊಳಗೆ ದುರ್ಬೀನು ಹಾಕಿ ನೋಡುವುದೇ ಸರಿಯಾದ ದಾರಿ.

ಆ ಪರೀಕ್ಷೆಯ ಹೆಸರು ರಿಜಿಡ್ ಬ್ರಾಂಕೋಸ್ಕೋಪಿ. ಎಲ್ಲ ಆಸ್ಪತ್ರೆಯಲ್ಲೂ ಆಗುವುದಿಲ್ಲ, ಅತಿ ಹೆಚ್ಚು ಅಲೆದಾಟ ಇಲ್ಲೇ ಆಗುವುದು. ಹೊರಡುವ ಮೊದಲು ಫೋನಿನಲ್ಲಿ ಕೇಳಿ: ಮಕ್ಕಳ ಅಳತೆಯ ರಿಜಿಡ್ ಬ್ರಾಂಕೋಸ್ಕೋಪ್ ಇದೆಯೇ, ಅದನ್ನು ಮಾಡುವ ಇಎನ್‌ಟಿ ಅಥವಾ ಮಕ್ಕಳ ಶಸ್ತ್ರಚಿಕಿತ್ಸಕರು ಇವತ್ತು ಇದ್ದಾರೆಯೇ, ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಇದ್ದಾರೆಯೇ, ಮಕ್ಕಳ ಐಸಿಯುನಲ್ಲಿ ಹಾಸಿಗೆ ಖಾಲಿ ಇದೆಯೇ. ಒಂದಕ್ಕೆ ಇಲ್ಲ ಎಂದರೂ ಬೇರೆ ಕಡೆ ನೋಡಿ. ಮೊದಲು ಹೋದ ಒಂದು ದೊಡ್ಡ ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಂಡು, ಹಣ ಕಟ್ಟಿಸಿಕೊಂಡು, ಸಂಜೆಯ ಹೊತ್ತಿಗೆ ಮಕ್ಕಳ ಅಳತೆಯ ಸ್ಕೋಪ್ ಇಲ್ಲ ಎಂದರು. ಆ ಕೇಳಿಕೆ ಗೇಟಿನಲ್ಲೇ ಆಗಬೇಕಿತ್ತು. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ವಿಚಾರಿಸಬೇಕಾದ ಜಾಗಗಳು.

ದಾರಿಯುದ್ದಕ್ಕೂ ಮಗುವನ್ನು ತಾಯಿಯ ತೊಡೆಯ ಮೇಲೆ ನೆಟ್ಟಗೆ ಕೂರಿಸಿರಿ. ಅಳಿಸದಂತೆ ನೋಡಿಕೊಳ್ಳಿ. ಅತ್ತರೆ ಉಸಿರು ಜೋರಾಗಿ ಬೀಜ ಕದಲುತ್ತದೆ. ಕಫ ಬಿಡಿಸಲು ಬೆನ್ನು ತಟ್ಟುವುದು ಬೀಜ ತೆಗೆಯುವವರೆಗೆ ಬೇಡ. ತಿನ್ನಲು ಕುಡಿಯಲು ಏನೂ ಕೊಡಬೇಡಿ, ಕೊನೆಯ ಸಲ ಹಾಲು ಕೊಟ್ಟ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಅರಿವಳಿಕೆಯವರು ಮೊದಲು ಕೇಳುವುದು ಅದನ್ನೇ. ಗಟ್ಟಿ ಆಹಾರ, ಹಸುವಿನ ಹಾಲಿಗೆ 6 ಗಂಟೆ, ಎದೆಹಾಲಿಗೆ 4 ಗಂಟೆ ಅಂತರ ಬೇಕು. ಉಸಿರು ತೀರಾ ಕೆಟ್ಟಿದ್ದರೆ ಕಾಯದೆಯೇ ಒಳಗೆ ತೆಗೆದುಕೊಂಡು ಹೋಗುತ್ತಾರೆ.

ಕಾಗದಪತ್ರದ ಮಾತು. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಅದು ಯೋಜನೆಗೆ ನೋಂದಾಯಿಸಿದ್ದಿರಬೇಕು, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವೂ ಬೇಕು. ತುರ್ತಾದರೆ ಮೊದಲು ದಾಖಲಾಗಿ, ಯೋಜನೆಯ ಕೆಲಸ ನೋಡಿಕೊಳ್ಳಲು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಹುಡುಕಿ ಮಾತಾಡಿ. ತೊಡಕು ಬಂದದ್ದು ಮಗುವಿನ ಗುರುತಿನಲ್ಲಿ. ಪಡಿತರ ಚೀಟಿಯಲ್ಲಿ ಇನ್ನೂ ಹೆಸರು ಸೇರಿಸಿರಲಿಲ್ಲ, ಆಧಾರ್ ಮಾಡಿಸಿರಲಿಲ್ಲ. ಇಂಥ ಮನೆಗಳೇ ಹೆಚ್ಚು. ಜನನ ಪ್ರಮಾಣಪತ್ರ, ತಂದೆತಾಯಿಯ ಆಧಾರ್, ಪಡಿತರ ಚೀಟಿಯ ಮೂಲಪ್ರತಿ ಮತ್ತು ಜೆರಾಕ್ಸ್ ಒಂದು ಚೀಲದಲ್ಲಿರಲಿ. 5 ವರ್ಷದೊಳಗಿನ ಮಕ್ಕಳಿಗೆ ನೀಲಿ ಬಾಲ ಆಧಾರ್ ಬೆರಳಚ್ಚಿಲ್ಲದೇ ಆಗುತ್ತದೆ, ಆರಾಮಾಗಿರುವಾಗಲೇ ಮಾಡಿಸಿಟ್ಟುಕೊಳ್ಳಿ.

ಯೋಜನೆ ಮಂಜೂರಾಗುವವರೆಗೆ ಮುಂಗಡ ₹30,000 ಕೇಳಿದರು. ಬಿಲ್ಲಿನಲ್ಲಿ ಶಸ್ತ್ರಚಿಕಿತ್ಸಕರು, ಅರಿವಳಿಕೆ, ಓಟಿ, ಐಸಿಯು, ಔಷಧಿ, ಲ್ಯಾಬ್ ಬೇರೆಬೇರೆಯಾಗಿ ಬರುತ್ತವೆ. ಏರುವುದು ಹೆಚ್ಚಾಗಿ ಐಸಿಯು ಮತ್ತು ಔಷಧಿಯ ಸಾಲು. ಪ್ಯಾಕೇಜಿನೊಳಗೆ ಏನೇನು ಸೇರಿದೆ ಎಂದು ಕಟ್ಟುವ ಮೊದಲೇ ಬರೆಸಿಕೊಳ್ಳಿ. ಹಣ ಕಟ್ಟಿದ ರಸೀದಿ ಒಂದನ್ನೂ ಕಳೆಯಬೇಡಿ. ಯೋಜನೆ ಮಂಜೂರಾದರೆ ಮುಂಗಡ ವಾಪಸು ಕೇಳಲು ಅವೇ ಆಧಾರ.

ಒಪ್ಪಿಗೆ ಪತ್ರ ಓದುವಾಗ ತಂಗಿಯ ಕೈ ನಡುಗಿತು. ಆಮ್ಲಜನಕ ಇಳಿಯಬಹುದು, ರಕ್ತಸ್ರಾವ, ಶ್ವಾಸಕೋಶಕ್ಕೆ ತೂತು, ವೆಂಟಿಲೇಟರ್ ಬೇಕಾಗಬಹುದು, ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಗಬಹುದು, ಜೀವಕ್ಕೂ ಅಪಾಯ ಆಗಬಹುದು ಎಂದೆಲ್ಲ ಇರುತ್ತದೆ. ಇವು ನಿಜವಾದ ಅಪಾಯಗಳೇ, ಆದರೆ ಪಳಗಿದ ತಂಡದ ಕೈಯಲ್ಲಿ ಅಪರೂಪ. ಬಿಟ್ಟರೆ ಆಗುವ ಹಾನಿ ಅದಕ್ಕಿಂತ ಖಚಿತ. ಶೇಂಗಾದ ಎಣ್ಣೆ ನಾಳದ ಒಳಪದರವನ್ನು ಕೆರಳಿಸುತ್ತದೆ, ಮಾಂಸ ಬೆಳೆದು ಬೀಜವನ್ನೇ ಮುಚ್ಚುತ್ತದೆ, ಆಮೇಲೆ ಮುಟ್ಟಿದರೆ ರಕ್ತ ಬರುತ್ತದೆ. ಎದೆ ಕೊಯ್ಯುತ್ತಾರಾ ಎಂದು ಊರಿನಿಂದ ಫೋನ್ ಮೇಲೆ ಫೋನ್ ಬಂತು. ಕೊಯ್ಯುವುದಿಲ್ಲ. ಬಾಯಿಯ ಮೂಲಕವೇ ತೆಗೆಯುತ್ತಾರೆ. 1897ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು ರೈತನೊಬ್ಬನ ಬಲ ಕವಲಿನಿಂದ ಮೂಳೆಯ ಚೂರನ್ನು ಹೀಗೆ ತೆಗೆದ ಮೇಲೆ ಬೆಳೆದು ಬಂದ ವಿಧಾನ ಇದು.

ಒಳಗೆ ನಡೆಯುವುದನ್ನು ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಪೂರ್ತಿ ಅರಿವಳಿಕೆ ಕೊಟ್ಟು, ನಾಲಿಗೆ ಎತ್ತಿ, ಧ್ವನಿತಂತುಗಳ ನಡುವಿನಿಂದ ಒಂದು ನೇರ ಲೋಹದ ಕೊಳವೆಯನ್ನು ಇಳಿಸುತ್ತಾರೆ. ಈ ವಯಸ್ಸಿಗೆ ಮೂರೂವರೆ ನಂಬರಿನ ಕೊಳವೆ ಸಾಮಾನ್ಯ, ಹೊರಗಿನ ಅಗಲ 6 ಮಿಲಿಮೀಟರಿಗೂ ಕಡಿಮೆ. ಅದರ ಪಕ್ಕದ ಕವಲಿಗೆ ಅರಿವಳಿಕೆಯವರ ಗಾಳಿಯ ಕೊಳವೆ ಜೋಡಿಸುತ್ತಾರೆ. ಉಸಿರು ಕೊಡುವವರಿಗೂ ಬೀಜ ಹಿಡಿಯುವವರಿಗೂ ಇರುವುದು ಅದೊಂದೇ ದಾರಿ. ಆದ್ದರಿಂದ ಸ್ವಲ್ಪ ಕೆಲಸ, ಸ್ವಲ್ಪ ಆಮ್ಲಜನಕ ಎಂದು ಸರದಿಯಲ್ಲಿ ಸಾಗುತ್ತದೆ. ದುರ್ಬೀನು ಅಳವಡಿಸಿದ ಇಕ್ಕಳದಿಂದ ಬೀಜವನ್ನು ಹಿಡಿಯಬೇಕು, ಹಿಂಡಬಾರದು. ಹಿಂಡಿದರೆ ಪುಡಿಯಾಗಿ ಚಿಕ್ಕ ಕವಲುಗಳಿಗೆ ಇಳಿಯುತ್ತದೆ. ಬೀಜ ಕೊಳವೆಯೊಳಗೆ ಹಿಡಿಸದಿದ್ದರೆ ಇಕ್ಕಳ, ಕೊಳವೆ, ಬೀಜ ಮೂರನ್ನೂ ಒಟ್ಟಿಗೆ ಹೊರಗೆಳೆಯುತ್ತಾರೆ. ಧ್ವನಿತಂತು ದಾಟುವಾಗ ಬೀಜ ಜಾರಿ ಮುಖ್ಯ ನಾಳಕ್ಕೆ ಅಡ್ಡ ಕೂತರೆ, ಅದನ್ನು ಮತ್ತೆ ಮೊದಲಿನ ಕವಲಿಗೇ ತಳ್ಳಿ, ಇನ್ನೊಂದು ಶ್ವಾಸಕೋಶದಿಂದ ಉಸಿರು ಕೊಟ್ಟು, ಮತ್ತೆ ಪ್ರಯತ್ನಿಸುತ್ತಾರೆ. ತೆಗೆದಾದ ಮೇಲೂ ಕೊಳವೆಯನ್ನು ಇನ್ನೊಮ್ಮೆ ಇಳಿಸಿ ಎರಡೂ ಬದಿ ನೋಡುವುದು ಕಡ್ಡಾಯ.

ಹೊರಗೆ ಕಾಯುವಾಗ ಹೊತ್ತು ಹೋಗದು. ಬೀಜ ಹಿಡಿಯುವುದು ಕೆಲವೇ ನಿಮಿಷದ ಕೆಲಸವಾದರೂ ಅರಿವಳಿಕೆಗೆ ಅಣಿಗೊಳಿಸುವುದು, ಆಮೇಲೆ ಎಚ್ಚರಿಸುವುದು ಸೇರಿ ಗಂಟೆ ದಾಟುತ್ತದೆ. ತಡವಾಯಿತೆಂದರೆ ಕೆಟ್ಟದ್ದಾಯಿತು ಎಂದುಕೊಳ್ಳಬೇಡಿ.

ಬಂದದ್ದನ್ನು ಸ್ಟೀಲ್ ಟ್ರೇಯಲ್ಲಿ ಹತ್ತಿ ಬಟ್ಟೆಯ ಮೇಲಿಟ್ಟು ತೋರಿಸಿದರು. ಅರ್ಧ ಹೋಳು ಶೇಂಗಾ, ಊದಿ ಮೆತ್ತಗಾಗಿ ಬೂದುಬಣ್ಣಕ್ಕೆ ತಿರುಗಿತ್ತು, ಅಂಚಿಗೆ ಕಫ ಅಂಟಿತ್ತು. ಪಕ್ಕದಲ್ಲಿ ಬೇರೆಯಾಗಿ ಕೆಂಪು ಸಿಪ್ಪೆಯ ಒಂದು ಚೂರು. ಆ ಸಿಪ್ಪೆ ಸಿಕ್ಕಿದ್ದು ಎರಡನೆಯ ಸಲ ಕೊಳವೆ ಇಳಿಸಿದಾಗ.

ಆ ರಾತ್ರಿ ಐಸಿಯುನಲ್ಲಿ ಉಸಿರೆಳೆಯುವಾಗ ಕರ್ಕಶ ಸದ್ದು ಬಂತು, ದನಿ ಒಡೆದಿತ್ತು. ಕೊಳವೆ ತಾಗಿ ಧ್ವನಿಪೆಟ್ಟಿಗೆ ಬಾತಿರುತ್ತದೆ, ಅದಕ್ಕೆ ಡೆಕ್ಸಾಮೆಥಸೋನ್ ಚುಚ್ಚುಮದ್ದು, ಅಡ್ರಿನಲಿನ್ ನೆಬ್ಯುಲೈಸೇಷನ್ ಕೊಡುತ್ತಾರೆ. ಮಾರನೆಯ ದಿನದ ಹೊತ್ತಿಗೆ ಇಳಿಯಿತು. ಪೂರ್ತಿ ಎಚ್ಚರವಾಗಿ, ನುಂಗಲು ಬರುತ್ತದೆ ಎಂದು ಖಚಿತವಾದ ಮೇಲೆ ಮೊದಲು ನೀರು, ಆಮೇಲೆ ಹಾಲು. ಬೆನ್ನು ತಟ್ಟಿ ಕಫ ಬಿಡಿಸುವ ಫಿಸಿಯೋಥೆರಪಿ ಶುರುವಾಗುವುದು ಈಗ. ಮತ್ತೆ ಎಕ್ಸ್‌ರೇ ತೆಗೆದು ಎರಡೂ ಬದಿ ಸಮವಾಗಿದೆಯೇ ನೋಡಿಯೇ ಮನೆಗೆ ಬಿಟ್ಟರು.

ಮನೆಯಲ್ಲಿ ಬದಲಾಗಬೇಕಾದ್ದು ಇದೆ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಶೇಂಗಾ, ಹುರಿಗಡಲೆ, ಪಾಪ್‌ಕಾರ್ನ್, ಅಡಿಕೆ ಮಕ್ಕಳ ಕೈಗೆ ಸಿಗಬಾರದು. ಶೇಂಗಾ ಕೊಡಲೇಬೇಕೆಂದರೆ ಪುಡಿ ಮಾಡಿ ಕೊಡಿ. ಸೀತಾಫಲ, ಹುಣಸೆಹಣ್ಣು ಬೀಜ ತೆಗೆದು ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಗುಂಡಿ ಬ್ಯಾಟರಿಯದು ಬೇರೆಯೇ ಅಪಾಯ: ಅದು ಹೆಚ್ಚಾಗಿ ಅನ್ನನಾಳದಲ್ಲಿ ಸಿಕ್ಕಿ, 2 ಗಂಟೆಯಲ್ಲೇ ಸುಡಲು ಶುರು ಮಾಡುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾದು ನೋಡದೆ ಎಕ್ಸ್‌ರೇಗೆ ಓಡಿ.

ಡಿಸ್ಚಾರ್ಜ್ ಪತ್ರದಲ್ಲಿ ಏನು ಸಿಕ್ಕಿತು, ಯಾವ ಬದಿಯಲ್ಲಿ, ಎರಡನೆಯ ಸಲ ನೋಡಿದಾಗ ನಾಳ ಸ್ವಚ್ಛವಿತ್ತೇ ಎಂಬ ಮೂರು ವಿಷಯ ಬರೆದಿವೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಕೇಳಿ ಬರೆಸಿ. ಕೆಲವು ವಾರ ಸಣ್ಣ ಕೆಮ್ಮು ಇರಬಹುದು. ಜ್ವರ ಮರಳಿದರೆ, ಅದೇ ಬದಿಯಲ್ಲಿ ಸೀಟಿ ಸದ್ದು ಮತ್ತೆ ಬಂದರೆ, ಹತ್ತಿರದ ಕ್ಲಿನಿಕ್ಕಿನಲ್ಲಿ ಹೊಸದಾಗಿ ಶುರು ಮಾಡದೆ ಅದೇ ಪತ್ರ, ಹಳೆಯ ಫಿಲ್ಮುಗಳ ಸಮೇತ ಬೀಜ ತೆಗೆದ ವೈದ್ಯರ ಬಳಿಗೇ ಹೋಗಿ. ಚೂರು ಉಳಿದಿರುವ ಸಾಧ್ಯತೆಯನ್ನು ಅವರು ಮತ್ತೊಮ್ಮೆ ಕೊಳವೆ ಇಳಿಸಿ ನೋಡಬೇಕಾಗುತ್ತದೆ.